ಹರಣ್ಯಾನ ಬೆನ್ನ ಮ್ಯಾಲಿನ ಸುಳಿ

ವೈನಿ,

ನಾ ಮೊದಲನೇ ಬಸ್ಸಿಗೆ ಸಾಂಗಲಿ ಪ್ರೆಸ್ಸಿಗೆ ಹೊಂಟೇನ್ರಿ. ನಿನ್ನೆ ರೊಟ್ಟಿ ಬಡಿಯೂದ ಬಿಟ್ಟ ಬಂದು, "ಬೆನ್ನ ಮ್ಯಾಲ ಕೆಟ್ಟ ಸುಳಿ ಇದ್ದ ಎತ್ತಿನ ಕ್ಯಾಲೆಂಡರ್ ಯಾರ ಗ್ವಾಡಿಗಿ ಹಾಕ್ಕೋತಾರೋ?" ಅಂದ್ರಲ್ಲ, ಖರೇನ ಐತ್ರಿ. ಅಂಥಾ ಎತ್ತ ಮನಿಗಿ ಆಗಿಬರಂಗಿಲ್ಲ ಅನ್ನೂ ರೈತರಿಗೇ ದನದ ಹಿಂಡಿ ಅಂಗಡಿ ರಾವಸಾಹೇಬ್ರು ಈ ಕ್ಯಾಲೆಂಡರ್ ಹಂಚವರದಾರ. ನಾ ನೋಡಿದ್ರ ನಮ್ಮ ಎತ್ತ ಹರಣ್ಯಾನ್ನ ಎದರಿಗಿ ಕಟ್ಟಿ, ಇದ್ದದ್ದ ಇದ್ದಂಗ ಬೆನ್ನಿನ ಕೂದಲ ಸುಳೀನೂ ಚಿತ್ರದಾಗ ಬರದ ಪ್ರೆಸ್ಸಿಗೆ ಕೊಟ್ಟ ಬಂದೀನಿ. ಅಚ್ಚ ಆಗೂಕಿಂತ ಮೊದಲ ಹೋಗಿ ಅಳಸಬೇಕು.

ಪಡಸಾಲ್ಯಾಗ ಹಗ್ಗದ ಮ್ಯಾಲ ಅದೇ ಅಂಗಡಿಗಿ ನಾ ಹೆಸರ ಬರದ ಬಟ್ಟಿ ಚೀಲ ಒಣಗಾಕತ್ತಾವು. ಬಣ್ಣ ಇನ್ನೂ ಹಸಿ ಐತಿ. ಆಡಿನ ಮರಿ ಒಳಗ ಬಿಡಬ್ಯಾಡ್ರಿ. ಹ್ವಾದ ಸಲ ಅದು ಒಂದ ಚೀಲ ತಿಂದಾಗ ನೀವು ನಕ್ಕೋಂತ ನಿಂತಿದ್ರಿ, ನಾ ಮರತಿಲ್ಲ.

ರಾವಸಾಹೇಬ್ರು ಬಂದ್ರ ಚಾ ಕೊಟ್ಟ ಕಳಸ್ರಿ. ಸುಳಿ ಮಾತ ತಗೀಬ್ಯಾಡ್ರಿ.

ಇನ್ನೊಂದ ಮಾತ. ಹರಣ್ಯಾನ್ನ ಕೊಳ್ಳಾಕ ಇವತ್ತ ದಲಾಲ ಬರ್ತಾನ. ಅಣ್ಣ ನನಗ ಒಂದ ಮಾತ ಕೇಳಲಾರ್ದ ಕರಸ್ಯಾನ. ಸುಳಿ ಕಾಣಬಾರ್ದಂತ ಈಗ ಎದ್ದಾಂವನ ಎತ್ತಿನ ಬೆನ್ನ ಮ್ಯಾಲ ಹಬ್ಬಕ್ಕ ಹೊಚ್ಚು ಬಟ್ಟಿ ಜೂಲ ಹೊಚ್ಚಿ ನಿಲ್ಲಸ್ಯಾನ. ಇಷ್ಟ ವರ್ಷ ನಮಗ ದುಡದ ಹಾಕುವಾಗ ಆ ಸುಳಿ ಯಾರಿಗೂ ಕೆಟ್ಟ ಅನಸಲಿಲ್ಲ.

ದಲಾಲ ಬರೂ ಹೊತ್ತಿಗೆ ಎತ್ತಿನ ಮೈ ತೊಳಿತೀನಿ ಅಂತ ಅಣ್ಣಗ ಹೇಳಿ ನೀವು ಆ ಜೂಲ ತಗದ ಬಿಡ್ರಿ. ಕಾಗದದ ಮ್ಯಾಲಿನ ಸುಳಿ ನಾ ಅಳಸ್ತೀನಿ, ಬೆನ್ನ ಮ್ಯಾಲಿಂದು ದಲಾಲಗ ಛಂದಂಗ ಕಾಣಲಿ.

ಜಕ್ಕಪ್ಪ