ಅಂಗಾಲಿನ ನೀಲಿ

ಬಳ್ಳಾರಿ
೧೬ ನವೆಂಬರ್ ೨೦೨೫, ಭಾನುವಾರ

ನನ್ನ ಸಿಟ್ಟಿನ ಅವ್ವನಿಗೆ,

ನಿನ್ನ ಕಿರಿಮಗಳು ನೇತ್ರಾ ಮಾಡುವ ಶರಣು.

ಫೋನಿರುವಾಗ ಈ ಹುಡುಗಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎನ್ನಬೇಡ. ಫೋನಿನಲ್ಲಿ ಅಕ್ಕನ ಹೆಸರೆತ್ತಿದ ಕೂಡಲೇ ನೀನು ಕಟ್ ಮಾಡುತ್ತೀ. ಕಾಗದವನ್ನು ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಒಮ್ಮೆಯಾದರೂ ಓದಿಯೇ ಓದುತ್ತೀ. ನಿನ್ನ ಕುತೂಹಲ ನನಗೆ ಗೊತ್ತಿಲ್ಲವೇ? ಇದನ್ನು ತಂದವರು ನಿನ್ನ ಉತ್ತರಕ್ಕೆ ಕಾಯುತ್ತಾರೆ. ಅವರನ್ನು ಕಟ್ಟೆಯ ಮೇಲೆ ಕೂರಿಸಿ ಪೂರ್ತಿ ಓದು. ಅಕ್ಷರ ಕೋಳಿ ಕೆದರಿದ ಹಾಗಿದೆ. ಅದಕ್ಕೂ ಒಂದು ಕಾರಣವಿದೆ, ಕೊನೆಗೆ ಹೇಳುತ್ತೇನೆ.

ಜ್ಯೋತಿ ಅಕ್ಕ ಹೆತ್ತಿದ್ದಾಳೆ. ಹೆಣ್ಣು ಕೂಸು. ಬಿಪಿ ಏರಿ, ಕೈಕಾಲು ಬಾತು, ದಿನ ತುಂಬುವ ಮೊದಲೇ ಆಪರೇಷನ್ ಮಾಡಿ ತೆಗೆದರು. ಇಬ್ಬರೂ ಇದ್ದಾರೆ, ಗಾಬರಿಯಾಗಬೇಡ. ಅಕ್ಕನನ್ನು ಐಸಿಯುಗೆ ಒಯ್ದರು, ಕೂಸನ್ನು ಎಳೆಮಕ್ಕಳ ವಾರ್ಡಿಗೆ ತಂದರು. ನನಗೆ ಈ ತಿಂಗಳು ಕಾಲೇಜಿನ ಪೋಸ್ಟಿಂಗ್ ಅದೇ ವಾರ್ಡಿನಲ್ಲಿ. ಎರಡು ವರ್ಷದಿಂದ ಮಕ್ಕಳ ಆರೋಗ್ಯ, ಬೆಳವಣಿಗೆ ಅಂತ ಉರು ಹೊಡೆದವಳು ನಾನು. ಆದರೂ ನಮ್ಮದೇ ಕೂಸು, ಒಂದೂವರೆ ಕಿಲೋ ಚಿಲ್ಲರೆ ತೂಕದ್ದು, ಕಣ್ಣೆದುರು ಬಂದಾಗ ಓದಿದ್ದೆಲ್ಲ ಹಾರಿಹೋಯಿತು. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ಇಂಥ ಕೂಸಿನ ಮೈಯಲ್ಲಿ ಕೊಬ್ಬಿರುವುದಿಲ್ಲ ಅವ್ವ. ತನ್ನ ಶಾಖವನ್ನು ತಾನು ಕಾಯ್ದುಕೊಳ್ಳಲಾರದು. ಮೈ ತಣ್ಣಗಾದರೆ ಹಾಲು ಕುಡಿಯುವ ಶಕ್ತಿ ಹೋಗುತ್ತದೆ, ಆಮೇಲೆ ಉಸಿರಿಗೂ ಕಷ್ಟ. ಇದಕ್ಕೆ ನಮಗೆ ಕಲಿಸಿದ ಮದ್ದು ಸರಳ. ಕೂಸನ್ನು ಬರಿಮೈಯಲ್ಲಿ, ಕಪ್ಪೆಯ ಹಾಗೆ ಕಾಲು ಮಡಿಸಿ, ದೊಡ್ಡವರ ಬರಿ ಎದೆಗೆ ಒರಗಿಸಿ ಬಟ್ಟೆಯಿಂದ ಕಟ್ಟುವುದು. ಕಾಂಗರೂ ಆರೈಕೆ ಎನ್ನುತ್ತಾರೆ. ತಾಯಿಯ ಎದೆಯಾದರೆ ಎಲ್ಲಕ್ಕಿಂತ ಒಳ್ಳೆಯದು, ಆದರೆ ಅಕ್ಕನಿಗೆ ಕಣ್ಣು ತೆರೆಯಲೂ ಆಗುತ್ತಿರಲಿಲ್ಲ. ವಾರ್ಡಿನ ಯಂಕಮ್ಮ ಸಿಸ್ಟರ್ ಬಾಗಿಲಿಗೆ ಬಂದು, 'ಈ ಕೂಸಿಗೆ ಎದಿ ಕೊಡೋರು ಯಾರದೀರಿ?' ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಭೀಮರಾಜ ಭಾವ 'ನಾನದೀನ್ರಿ' ಎಂದು ಎದ್ದು ನಿಂತಿದ್ದರು.

ಹೆಸರು ಕಂಡ ಕೂಡಲೇ ಕಾಗದ ಮಡಚಬೇಡ. ಮದುವೆಗೆ ಮುಂಚೆ ಅಕ್ಕ ಅವರ ಫೋಟೋ ತೋರಿಸಲು ಬಂದಾಗ ನೀನು ಗೋಡೆ ಕಡೆ ತಿರುಗಿದೆ. 'ಅವರ ಮೈ ಸೋಕಿದ ಗಾಳಿನೂ ನಮ್ಮ ಹೊಸ್ತಿಲಾ ದಾಟಬಾರದು' ಎಂದೆ. ಆ ಮೈ ಎಂಥದು ಎಂದು ಹೇಳುತ್ತೇನೆ, ಕೇಳು.

ಮೊದಲ ದಿನ ಅಷ್ಟು ಜನ ಹೆಂಗಸರ ನಡುವೆ ಅಂಗಿ ಬಿಚ್ಚಲು ಅವರಿಗೆ ಸಂಕೋಚ. ಕಿವಿಯೆಲ್ಲ ಕೆಂಪಗಾಗಿತ್ತು. ಕೂಸನ್ನು ಕಟ್ಟಿದ ಮೇಲೆ ನೋಡಬೇಕಿತ್ತು ನೀನು! ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ದಿನವಿಡೀ ಕಾಲು ಕುಣಿಸುವ ಆಸಾಮಿ, ದೇವರ ಮುಂದಿನ ದೀಪದಂತೆ ಅಲ್ಲಾಡದೆ ಕೂತರು. ಸೊಳ್ಳೆ ಕಚ್ಚಿದರೂ ಕೈ ಎತ್ತಲಿಲ್ಲ. ಅಕ್ಕನ ಹಾಲನ್ನು ಒಳಲೆಯಲ್ಲಿ ತಂದು ಹನಿ ಹನಿಯಾಗಿ ಕುಡಿಸುವುದು ನನ್ನ ಕೆಲಸ. ಕೂಸು ಗುಟುಕರಿಸಿದಾಗೆಲ್ಲ ಅವರ ಗಂಟಲೂ ಅಲುಗುತ್ತಿತ್ತು. ಹೊರಗಿನ ವರಾಂಡದಲ್ಲಿ ಗಂಡಸರು, 'ಏನಪಾ, ನೀನ ಬಾಣಂತಿ ಆದಿಯೇನು?' ಎಂದು ನಕ್ಕರು. 'ಹೌದಪಾ, ಬಿಸಿ ಅನ್ನ, ಮೆಣಸಿನ ಸಾರು ತಂದು ಕೊಡ್ರಿ, ಉಣತೀನಿ' ಎಂದರು ಇವರು. ನಕ್ಕವರಲ್ಲಿ ಇಬ್ಬರು ಆ ವಾರವೇ ಅಂಗಿ ಬಿಚ್ಚಿ ತಮ್ಮ ತಮ್ಮ ಕೂಸು ಕಟ್ಟಿಸಿಕೊಂಡು ಪಕ್ಕದಲ್ಲಿ ಕೂತರು. ನಮಗೆ ಪಾಠ ಮಾಡುವ ಮೇಡಂ ಬ್ಯಾಚಿನವರನ್ನೆಲ್ಲ ಕರೆತಂದು ತೋರಿಸಿದರು. ಇವರು ನನ್ನ ಭಾವ ಎಂದು ನಾನು ಎಲ್ಲರಿಗೂ ಹೇಳಿಕೊಂಡೆ. ಹೆಮ್ಮೆಯಿಂದ ಹೇಳಿಕೊಂಡೆ ಅವ್ವ, ಮುಚ್ಚಿಡುವುದಿಲ್ಲ.

ನಾನು ಮಾಡಿದ ಕೋತಿಚೇಷ್ಟೆಯನ್ನೂ ಕೇಳು. ಕೂಸು ಬೆಚ್ಚಗಿದೆಯೇ ಎಂದು ತಿಳಿಯಲು ಅಂಗಾಲು ಮುಟ್ಟಿ ನೋಡಬೇಕು. ಒಂದು ಮಧ್ಯಾಹ್ನ ಕಾಲುಚೀಲ ಜಾರಿತ್ತು. ಸರಿಪಡಿಸಲು ಹೋಗಿ ನೋಡುತ್ತೇನೆ, ಎರಡೂ ಅಂಗಾಲು ನೀಲಿ! ನೀಲಿ ಎಂದರೆ ಉಸಿರು ಸಾಲುತ್ತಿಲ್ಲ ಎಂದು ಓದಿದ್ದೆ. 'ಕೂಸು ನೀಲಿ ಆತು' ಎಂದು ವಾರ್ಡು ಹಾರಿಹೋಗುವಂತೆ ಕಿರುಚಿದೆ. ಭಾವನ ಮುಖದಲ್ಲಿ ರಕ್ತ ಇಂಗಿಹೋಯಿತು. ಆದರೂ ಎದೆಯಿಂದ ಕೈ ತೆಗೆಯಲಿಲ್ಲ, ಕೂಸಿಗೆ ತನ್ನ ಉಸಿರನ್ನೇ ಕೊಡುವವರ ಹಾಗೆ ಜೋರಾಗಿ ಉಸಿರಾಡತೊಡಗಿದರು. ಅದನ್ನು ನಾನು ಸಾಯುವವರೆಗೂ ಮರೆಯಲಾರೆ.

ಯಂಕಮ್ಮ ಸಿಸ್ಟರ್ ಓಡಿ ಬಂದರು. ತುಟಿ ನೋಡಿದರು, ನಾಲಿಗೆ ನೋಡಿದರು, ಕೆಂಪಗಿತ್ತು. ಅಂಗಾಲು ಮುಟ್ಟಿದರು, ಬೆಚ್ಚಗಿತ್ತು. ಆಮೇಲೆ ಒದ್ದೆ ಹತ್ತಿಯಿಂದ ಒರೆಸಿದರು. ನೀಲಿಯೆಲ್ಲ ಹತ್ತಿಗೆ ಬಂತು! 'ಲೇ ಹುಡುಗಿ, ತುಟಿ ನೋಡದ ಒದರ್ತೀಯಲ್ಲ. ಇದು ಉಸುರಿಂದಲ್ಲ, ಇವರ ಪ್ಯಾಂಟಿಂದು. ಬಣ್ಣ ಬಿಡಾಕತ್ತೈತಿ' ಎಂದು ನನ್ನ ತಲೆಗೆ ಮೊಟಕಿದರು. ಮಗಳ ಮುಂದೆ ಚಂದ ಕಾಣಬೇಕೆಂದು ಭಾವ ಅವತ್ತು ತಾವೇ ಹೊಲಿದ ಹೊಸ ಜೀನ್ಸ್ ತೊಟ್ಟು ಬಂದಿದ್ದರು, ಒಮ್ಮೆಯೂ ನೀರು ಕಾಣದ್ದು. ಸೊಂಟದ ಪಟ್ಟಿಗೆ ಕೂಸಿನ ಕಾಲು ತಾಗಿ, ಬೆವರಿಗೆ ಬಣ್ಣ ಇಳಿದಿತ್ತು. ಅವರ ಮೈಯಿಂದ ನಿನ್ನ ಮೊಮ್ಮಗಳಿಗೆ ಹತ್ತಿದ್ದು ಅಷ್ಟೇ ಅವ್ವ. ಅದೂ ಒಂದು ತುಂಡು ಹತ್ತಿಗೆ ಹೋಯಿತು. ವಾರ್ಡೆಲ್ಲ ನಕ್ಕಿತು, ಭಾವ ಮಾತ್ರ ಗೋಡೆಗೊರಗಿ ಅತ್ತರು. ಮರುದಿನದಿಂದ ಹಳೆಯ ಬಿಳಿ ಪಂಚೆಯೇ.

ಈಗ ಅಕ್ಕ ಐಸಿಯುವಿನಿಂದ ಹೊರಬಂದಿದ್ದಾಳೆ. ಕೂಸು ತೂಕ ಹಿಡಿಯುತ್ತಿದೆ. ಮಂಗಳವಾರ ಸತ್ಯನಾರಾಯಣಪೇಟೆಯ ಅವರ ಬಾಡಿಗೆ ಮನೆಗೆ ಕಳಿಸುತ್ತಾರೆ. ಆದರೆ ಇನ್ನೂ ಗೆದ್ದಿಲ್ಲ. ಮನೆಯಲ್ಲೂ ಹಗಲಿರುಳು ಯಾರಾದರೂ ಎದೆಗೆ ಕಟ್ಟಿಕೊಂಡಿರಬೇಕು. ಅಕ್ಕ ಹೊಲಿಗೆಯ ನೋವಿನಲ್ಲಿ ಅಷ್ಟು ಹೊತ್ತು ಕೂರಲಾರಳು. ಭಾವನಿಗೆ ಯೂನಿಟ್ಟಿನವರು ಇನ್ನು ರಜೆ ಕೊಡುವುದಿಲ್ಲ. ಅವರ ತಾಯಿ ಜೋಗಮ್ಮ ಕುರುಗೋಡಿನಿಂದ ಬಂದಿದ್ದಾರೆ, ಆದರೆ ಕೆಮ್ಮು. ಕೆಮ್ಮಿದ್ದವರು ಕೂಸಿನ ಹತ್ತಿರ ಬರಬಾರದು ಎಂದದ್ದಕ್ಕೆ ಕಿಟಕಿಯ ಆಚೆ ನಿಂತೇ ಮೊಮ್ಮಗಳನ್ನು ನೋಡುತ್ತಾರೆ. ಮೊನ್ನೆ ನನ್ನನ್ನು ಕರೆದು, 'ಚೊಚ್ಚಲ ಬಾಣಂತನ ತವರಿಂದು ತಾಯಿ. ಅದನ್ನ ನಾವು ಕಸಗೋಬಾರದು. ನಿಮ್ಮವ್ವನ್ನ ಒಂದು ಮಾತು ಕೇಳು' ಎಂದರು. ಅವ್ವ, ನಿನ್ನ ಹಕ್ಕನ್ನು ನಿನಗಾಗಿ ಕಾಯ್ದಿಟ್ಟವರು ಅವರು. ಯಾರ ಮನೆಯ ನೀರನ್ನೂ ನೀನು ಮುಟ್ಟುವುದಿಲ್ಲವೋ ಅವರು.

ನಾನೂ ಇಷ್ಟೇ ಇದ್ದೆನಂತಲ್ಲ ಹುಟ್ಟಿದಾಗ? ಅಪ್ಪ ಇರುವಾಗ ಹೇಳುತ್ತಿದ್ದ, ನೀನು ನನ್ನನ್ನು ರವಿಕೆಯೊಳಗೆ ಇಟ್ಟುಕೊಂಡೇ ಒಲೆ ಮುಂದೆ ಕೂರುತ್ತಿದ್ದೆ ಅಂತ. ಆ ಎದೆಯೇ ಈಗ ಬೇಕಾಗಿದೆ. ಭತ್ತದ ಕೊಯ್ಲು ಎಂದು ನೆಪ ತೆಗೆಯಬೇಡ. ಮಷಿನ್ ಬಂದು ಕೊಯ್ಯುತ್ತದೆ, ಪಕ್ಕದ ಗಿಡ್ಡಮ್ಮ ನಿಂತು ನೋಡಿಕೊಳ್ಳುತ್ತಾಳೆ. ಅಕ್ಕನ ಮೇಲೆ ಸಿಟ್ಟಿದ್ದರೆ ಇರಲಿ, ಜೊತೆಗೇ ತೆಗೆದುಕೊಂಡು ಬಾ. ಕೂಸನ್ನು ಕಟ್ಟಿಕೊಂಡೇ ಬೈಯುವಿಯಂತೆ. ಅದಕ್ಕೆ ಬೆಚ್ಚಗಿದ್ದರೆ ಸಾಕು, ಬೈಗುಳ ತಿಳಿಯುವ ವಯಸ್ಸಲ್ಲ.

ಬರುತ್ತೀ ಎಂದು ನಂಬಿರುವ,
ನಿನ್ನ ಬಾಯಿಬಡುಕಿ
ನೇತ್ರಾ

ಮರೆತಿದ್ದೆ: ಅಕ್ಷರ ವಕ್ರವಾಗಿರುವುದು ಯಾಕೆಂದರೆ, ಇವತ್ತು ನನಗೆ ರಜೆ, ಕೂಸು ನನ್ನ ಎದೆಯ ಮೇಲಿದೆ. ಒಂದು ಕೈಯಿಂದ ಅದನ್ನು ಹಿಡಿದು ಇನ್ನೊಂದರಿಂದ ಬರೆಯುತ್ತಿದ್ದೇನೆ. ಇಷ್ಟು ದಿನ ಹಿಡಿದವರು, ನೀನು ಇದನ್ನು ಓದುವ ಹೊತ್ತಿಗೆ, ಇಲ್ಲಿರುವುದಿಲ್ಲ. ನಿನ್ನ ಮನೆಯ ಕಟ್ಟೆಯ ಮೇಲೆ ಕೂತಿರುತ್ತಾರೆ. ಕಾಗದದಲ್ಲಿ ಏನಿದೆಯೆಂದು ಅವರಿಗೆ ಗೊತ್ತಿಲ್ಲ, ನೀನು ಕರೆಯದೆ ಹೊಸ್ತಿಲು ದಾಟುವವರೂ ಅಲ್ಲ. ಅತ್ತೆಯ ಮನೆಗೆ ಮೊದಲ ಸಲ ಹೋಗುವಾಗ ಹೊಸ ಪ್ಯಾಂಟೇ ಆಗಬೇಕೆಂದು ಹಠ ಹಿಡಿದು ತೊಟ್ಟುಕೊಂಡು ಹೊರಟಿದ್ದಾರೆ. ಒಳಗೆ ಕರೆದು ಅಪ್ಪನ ಕುರ್ಚಿಯ ಮೇಲೆ ಕೂರಿಸು. ನೀಲಿ ಹತ್ತಿದರೆ ಬೈಯಬೇಡ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.