ಬಾಲವಿದ್ದರೂ ಮಕ್ಕಳದ್ದಲ್ಲ

ಥಂಡರ್ ಬೇ
ನವೆಂಬರ್ ೧೬, ಶನಿವಾರ

ಪ್ರೀತಿಯ ಹೆಲ್ವಿ,

‘ಮಕ್ಕಳಿಗೆ ಅರ್ಥವಾಗದ್ದು ಮಕ್ಕಳಿಗೆ ತಾಕುವುದಿಲ್ಲ’ ಎಂದು ಅಪ್ಪ ಹೇಳುತ್ತಿದ್ದರಲ್ಲ, ಅದರ ಹಿಂದೆಮುಂದೆ ಇನ್ನೂ ಏನೋ ಇತ್ತು, ನೆನಪಾಗುತ್ತಿಲ್ಲ. ನೆನಪಿರುವಷ್ಟಾದರೂ ನಿಜವೇ ಎಂಬ ಅನುಮಾನ ಈ ವಾರವೆಲ್ಲ ಕಾಡಿತು. ಅದಿರಲಿ, ನಿನ್ನ ಮಣಿಕಟ್ಟಿನ ನೋವು ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ಬಿಚ್ಚಿಟ್ಟು ಚಿತ್ರ ಬರೆಯುತ್ತಿದ್ದೀಯೆಂದು ನನಗೆ ಗೊತ್ತು. ಇಲ್ಲಿ ಹಿಮ ಶುರುವಾಗಿದೆ. ಅಮ್ಮನ ಮಂಡಿಯ ಗೊಣಗಾಟವೂ.

ಹೆದ್ದಾರಿ ಬದಿ ಲಾಡ್ಜ್ ನಡೆಸುವ ನಿನ್ನ ಕಾರ್ಟೂನಿನ ರಕೂನ್ ಸಂಸಾರ ಟಿವಿಯಲ್ಲಿ ಬರುತ್ತದೆ, ಈ ಶುಕ್ರವಾರದ ಕಂತು ಪೂರ್ತಿ ನೀನೇ ಬರೆದದ್ದು ಎಂದು ನಾನು ಅಮ್ಮನಿಗೆ ಬಾಯಿ ತಪ್ಪಿ ಹೇಳಿಬಿಟ್ಟೆ. ಅದು ಎಂಥ ಕಾರ್ಟೂನ್ ಎಂದು ಗೊತ್ತಾದರೆ ಅಮ್ಮ ನಾಚಿಕೆಪಟ್ಟಾಳೆಂದು ನೀನು ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ಅಮ್ಮನೋ, ಹಿಗ್ಗಿನಲ್ಲಿ ಚರ್ಚಿನ ಭಾನುವಾರದ ಪಾಠಕ್ಕೆ ಬರುವ ಮಕ್ಕಳನ್ನೆಲ್ಲ ಮನೆಗೆ ಕರೆದುಬಿಟ್ಟಳು! “ಅಮ್ಮಾ, ಅದು ದೊಡ್ಡವರದ್ದು” ಎಂದರೆ, “ಬಾಲ ಇರೋ ಪ್ರಾಣಿಗಳು ಕಣೇ! ಬಾಲ ಇದ್ಮೇಲೆ ಮಕ್ಕಳದ್ದಲ್ದೆ ಇನ್ಯಾರದ್ದು?” ಎಂದಳು.

ನೀನು ಮೊದಲೇ ಕಳಿಸಿದ್ದ ಕಂತನ್ನು ಒಬ್ಬಳೇ ಕೂತು ನೋಡಿದೆ. ಬೈಗುಳ ದೊಡ್ಡದೆನಿಸಲಿಲ್ಲ, ನನ್ನ ಓನಾ ನಾಲ್ಕನೆಯ ತರಗತಿಯಲ್ಲೇ ಅವನ್ನೆಲ್ಲ ಕಲಿತು ಬಂದಿದ್ದಾಳೆ. ನನ್ನನ್ನು ತಡೆದದ್ದು ಅಪ್ಪ ರಕೂನ್ ಕುಡಿದು ಮಗಳ ಹುಟ್ಟುಹಬ್ಬ ಮರೆಯುವ ದೃಶ್ಯ. ಎಲ್ಲರೂ ನಗುತ್ತಾರೆ, ಆ ಮರಿಯೂ ನಗುತ್ತದೆ. ಆ ನಗುವಿನ ಅಡಿಯಲ್ಲಿ ನೀನಿಟ್ಟ ನೋವು ಕಂಡು ಆ ದೃಶ್ಯವನ್ನು ಮತ್ತೆ ಹಾಕಿ ನೋಡಿದೆ. ಒಂಬತ್ತು ವರ್ಷದವಳಿಗೆ ಸಿಗುವುದು ನಗು ಮಾತ್ರ. ಅವಳಿಗೆ ತೋರಿಸುವುದು ಬೇಡವೆಂದು ಆಗಲೇ ತೀರ್ಮಾನಿಸಿದೆ. ಓನಾ ಸಿಟ್ಟಾದಳು: “ಹಾಗಾದ್ರೆ ಚಿಕ್ಕಮ್ಮ ಕೆಟ್ಟದ್ದು ಮಾಡಿದ್ದಾಳಾ?” ಇಲ್ಲ ಮಗಳೇ, ಚಿಕ್ಕಮ್ಮ ದೊಡ್ಡವರ ಹತ್ತಿರ ಮಾತಾಡ್ತಿದ್ದಾಳೆ, ಅಂದೆ. ಮುಖ ಊದಿಸಿಕೊಂಡೇ, “ಹೆಸರು ಬರೋವಾಗ ಕರೀಬೇಕು” ಎಂದು ಕರಾರು ಹಾಕಿದಳು.

ಇನ್ನು ಅಮ್ಮ. ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ಕಂತನ್ನೇ ಹಾಕಿ ತೋರಿಸಿದೆ. ಹೆಣಿಗೆ ಮಡಿಲಲ್ಲೇ ಉಳಿಯಿತು. ಮುಗಿದ ಮೇಲೆ, “ಸೊಂಟಕ್ಕೆ ಕೈಯಿಟ್ಕೊಂಡು ಕೂಗಾಡೋ ಆ ತಾಯಿ ನಾನೇ ತಾನೆ?” ಎಂದಳು. ನಾನು ಕಾಫಿ ತರುವ ನೆಪದಲ್ಲಿ ಎದ್ದೆ. “ನನ್ನ ಸೊಂಟ ಅಷ್ಟು ದಪ್ಪ ಇಲ್ಲ. ಉಳಿದಿದ್ದೆಲ್ಲ ಸರಿಯಾಗಿ ಬರೆದಿದ್ದಾಳೆ” ಎಂದು ಕಣ್ಣೊರೆಸಿಕೊಂಡಳು.

ಆಮೇಲೆ ಫೋನ್ ಹಿಡಿದು ಮನೆಮನೆಗೂ ತಾನೇ ಹೇಳಿದಳು: “ಮಕ್ಕಳನ್ನ ಕಳಿಸ್ಬೇಡಿ. ನನ್ನ ಮಗಳ ಕೆಲಸ ದೊಡ್ಡವರಿಗೆ. ನೀವು ಬನ್ನಿ.” ಆ ಧ್ವನಿಯನ್ನು ನೀನು ಕೇಳಬೇಕಿತ್ತು, ನೀನು ಗವರ್ನರ್ ಆಗಿದ್ದರೂ ಅಷ್ಟು ಬಿಗುಮಾನ ಇರುತ್ತಿರಲಿಲ್ಲ. ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡು ಎರಡು ತಟ್ಟೆ ತುಂಬ ಬೇಯಿಸಿಟ್ಟಳು. ನಿನ್ನೆ ಸಂಜೆ ಬಂದವರು ಐದಾರು ಜನ. ಉಳಿದವರಿಗೆ ಏನೇನೋ ನೆಪ. ಅಮ್ಮ ಖಾಲಿ ಕುರ್ಚಿಗಳ ಕಡೆ ನೋಡಲೇ ಇಲ್ಲ. ಕೊನೆಯಲ್ಲಿ ಓನಾಳನ್ನು ಮಹಡಿಯಿಂದ ಕೂಗಿದೆ. ಓಡಿಬಂದು, ನಿನ್ನ ಹೆಸರು ಮೂಡುತ್ತಿದ್ದಂತೆ ಎದ್ದುನಿಂತು ಚಪ್ಪಾಳೆ ತಟ್ಟಿದಳು. ಅಮ್ಮನೂ ಎದ್ದಳು, ಆ ಮಂಡಿ ಇಟ್ಟುಕೊಂಡು.

ಅಮ್ಮನ ಆಶೀರ್ವಾದ, ಓನಾಳ ಮುತ್ತು. ನಾನಂತೂ ಕಂಡಕಂಡವರಿಗೆಲ್ಲ ನಿನ್ನ ಅಕ್ಕನೆಂದು ಹೇಳಿಕೊಂಡು ತಿರುಗುತ್ತಿದ್ದೇನೆ.

ನಿನ್ನ
ಕೈಸಾ

ಮರೆತಿದ್ದೆ: ಎದುರುಮನೆಯ ಬರ್ನಿಸ್ ಬಂದಿದ್ದರು, ನಮ್ಮಿಬ್ಬರಿಗೂ ಭಾನುವಾರದ ಪಾಠ ಹೇಳಿ ಕಿವಿ ಹಿಂಡಿದವರು. ಹುಟ್ಟುಹಬ್ಬದ ದೃಶ್ಯದಲ್ಲಿ ಅವರೊಬ್ಬರೇ ನಗಲಿಲ್ಲ; ಅಮ್ಮನ ಮುಖ ಸಣ್ಣಗಾಯಿತು. ಎಲ್ಲರೂ ಹೋದ ಮೇಲೆ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತವರು ಅಮ್ಮನಿಗೆ ಹೇಳಿದ್ದಿಷ್ಟು: “ಇರ್ಮಾ, ನಮ್ಮೆಜಮಾನ್ರು ಹೀಗೇ ಮರೀತಿದ್ರು. ಮಕ್ಕಳೆದುರು ನಾನೂ ಹೀಗೇ ನಗ್ತಿದ್ದೆ. ಹೆಲ್ವಿ ಊರಿಗೆ ಬಂದ್ರೆ ಮೊದ್ಲು ನಮ್ಮನೆಗೆ ಕಳಿಸು.”