ಹನ್ನೆರಡನೆಯ ಹೆಸರು

ಮ್ಯಾಗ್‌ಪೈ ಕ್ರೀಕ್, ಮೊಂಟಾನ
೧೯೭೧ ಮೇ ೨೦, ಗುರುವಾರ

ಪ್ರೀತಿಯ ಈಡಿತ್ ಅಕ್ಕ,

ಈ ಕಾಗದವನ್ನು ಅಂಚೆಪೆಟ್ಟಿಗೆಯ ಹತ್ತಿರ ನಿಂತುಕೊಂಡು ಓದಬೇಡ. ಒಳಗೆ ಹೋಗಿ ಕೂತು ಓದು. ಫೋನಿನಲ್ಲೇ ಹೇಳಿಬಿಡೋಣವೆಂದು ಎರಡು ಸಲ ರಿಸೀವರ್ ಎತ್ತಿದೆ, ಎರಡು ಸಲವೂ ಇಟ್ಟೆ. ಬೀದಿಗೆಲ್ಲ ಒಂದೇ ಆದ ನಮ್ಮ ಲೈನಿನಲ್ಲಿ ಯಾರ್ಯಾರು ಕಿವಿ ಇಟ್ಟಿರುತ್ತಾರೆಂದು ನಿನಗೆ ಗೊತ್ತೇ ಇದೆ.

ಅಜ್ಜ ಗಣಿಯಲ್ಲಿ ಸಾಯಲಿಲ್ಲ, ಅಕ್ಕ. ಆ ದಿನದ ಮೇಲೆ ಇಪ್ಪತ್ತೇಳು ವರ್ಷ ಬದುಕಿದ್ದ. ನಾವಿಬ್ಬರೂ ಅವನನ್ನು ನೋಡಿದ್ದೇವೆ.

ನನಗೆ ತಲೆ ಕೆಟ್ಟಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಜೂನ್ ಹದಿಮೂರರ ಗಣಿಗಾರರ ದಿನ ಸ್ಮಾರಕದ ಕಲ್ಲಿನ ಪಕ್ಕದಲ್ಲಿ ನಿಲ್ಲಿಸುವ ಕಂಚಿನ ಫಲಕದಲ್ಲಿ ಗಣಿ ಅಪಘಾತದ ಹನ್ನೆರಡು ಜನರ ಹುಟ್ಟಿದ ತಾರೀಖೂ ಇರಬೇಕೆಂದು ಹಟ ಹಿಡಿದವಳು ನೀನು. ಅಜ್ಜನದಕ್ಕಾಗಿ ನಾನು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ಅವನ ಊರಿನ ಚರ್ಚಿಗೆ ಬರೆದೆ. ಚಳಿಗಾಲದಲ್ಲೇ ಉತ್ತರ ಬಂತು. ಜೇಬೆಜ್ ಟ್ರೆಲೋರ್, ಕ್ಯಾಂಬೋರ್ನ್, ೧೮೫೮ ಮಾರ್ಚ್ ೯. ಜೊತೆಗೆ ಅಜ್ಜಿಯದೂ, ಲವ್‌ಡೇ ಆಂಗೋವ್ ಎಂಬ ತವರಿನ ಹೆಸರಿನಲ್ಲಿ, ಕಳಿಸಿದ್ದರು. ಅದರ ಕೆಳಗೆ ಅಲ್ಲಿಯ ಪಾದ್ರಿ ತಾವೇ ಒಂದು ಸಾಲು ಸೇರಿಸಿದ್ದರು: ಈಕೆ ತಂದೆತಾಯಿಗೆ ಒಬ್ಬಳೇ ಮಗು.

ಆಗ ನಾನು ನಕ್ಕೆ. ಹಳೆಯ ಪುಸ್ತಕಗಳಲ್ಲಿ ಹೆಸರು ಬಿಟ್ಟುಹೋಗುವುದುಂಟು. ಅಜ್ಜಿಗೆ ಅಣ್ಣ ಒಬ್ಬ ಇದ್ದನಲ್ಲ, ಗತಿಯಿಲ್ಲದವರನ್ನು ಸರ್ಕಾರ ಇಟ್ಟು ಸಾಕುತ್ತಿದ್ದ ಹಾರ್ಲನ್‌ನ ಬಡವರ ಫಾರಂನಲ್ಲಿ? ನಮ್ಮಮ್ಮ ಬೆಸ್ಸಿ ಪ್ರತಿ ಕ್ರಿಸ್‌ಮಸ್‌ಗೆ ಕೇಸರಿ ಹಾಕಿದ ಬನ್ನು ಮಾಡಿ ಬುಟ್ಟಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದದ್ದು ಆ ಆಂಗೋವ್ ಮಾವನಿಗೇ ತಾನೆ? ಅವನ ತಾರೀಖೂ ವಂಶವೃಕ್ಷದಲ್ಲಿ ಇರಲಿ ಎಂದು ಮೊನ್ನೆ ಮಂಗಳವಾರ ಹಾರ್ಲನ್‌ಗೆ ಹೋದೆ.

ಫಾರಂ ಮುಚ್ಚಿ ಎಷ್ಟೋ ಕಾಲವಾಯಿತು. ಅದರ ಪುಸ್ತಕಗಳು ಕೋರ್ಟಿನ ನೆಲಮಾಳಿಗೆಯಲ್ಲಿವೆ. ವಿಲ್ಮಾ ಎಂಬ ಗುಮಾಸ್ತೆ, ಒಳ್ಳೆಯ ಹುಡುಗಿ, ದಪ್ಪ ಪುಸ್ತಕವೊಂದನ್ನು ತಂದು ನನ್ನ ಮುಂದಿಟ್ಟು, “ಧೂಳಿದೆ ಮೇಡಂ, ಮೂಗು ಹುಷಾರು” ಎಂದಳು. ಹುಡುಕುವುದೂ ಬೇಕಾಗಲಿಲ್ಲ. ಜೇಬೆಜ್ ಆಂಗೋವ್. ಸೇರಿದ್ದು ೧೮೯೨ ಸೆಪ್ಟೆಂಬರ್ ೪. ಹುಟ್ಟಿದ್ದು ೧೮೫೮ ಮಾರ್ಚ್ ೯, ಕ್ಯಾಂಬೋರ್ನ್. ಕಸುಬು, ಗಣಿಯ ಇಂಜಿನ್ ನಡೆಸುವುದು. ಗುರುತು, ಎಡಗೈಯಲ್ಲಿ ಎರಡು ಬೆರಳಿಲ್ಲ. ಹತ್ತಿರದವರು, ತಂಗಿ ಲವ್‌ಡೇ ಟ್ರೆಲೋರ್, ಮ್ಯಾಗ್‌ಪೈ ಕ್ರೀಕ್.

ಗಣಿಯ ಅಪಘಾತವಾದದ್ದು ಆಗಸ್ಟ್ ಇಪ್ಪತ್ತೇಳಕ್ಕೆ. ಅದಾಗಿ ಎಂಟನೆಯ ದಿನಕ್ಕೆ ಇಲ್ಲದ ಅಣ್ಣನೊಬ್ಬ ಅಜ್ಜಿಗೆ ಹುಟ್ಟಿಕೊಂಡ. ಅವನ ಮೊದಲ ಹೆಸರು ಅವಳ ಗಂಡನದು, ಹುಟ್ಟಿದ ದಿನವೂ ಗಂಡನದೇ.

ನಮ್ಮ ಹಾಲ್‌ನಲ್ಲಿರುವ ಫೋಟೋದಲ್ಲಿ ಅಜ್ಜ ಎಡಗೈಯನ್ನು ಕೋಟಿನೊಳಗೆ ತೂರಿಸಿ ನಿಂತಿದ್ದಾನಲ್ಲ, ಸೇನಾಪತಿಯ ಹಾಗೆ ಎಂದು ನಾವು ಅಣಕಿಸುತ್ತಿದ್ದೆವಲ್ಲ, ಆ ಕೈ ನೆನಪಾಯಿತು. ಎದ್ದು ಹೊರಟೆ. ಒಂದು ಕೈಗೆ ಗ್ಲೌಸ್ ಹಾಕಿಕೊಂಡು, ಇನ್ನೊಂದನ್ನು ಹಿಡಿದುಕೊಂಡು, ನಡುಮೆಟ್ಟಿಲಲ್ಲಿ ಕೂತುಬಿಟ್ಟೆ. ವಿಲ್ಮಾ ನೀರು ತಂದುಕೊಟ್ಟಳು. ನಲವತ್ತು ವರ್ಷ ಮಕ್ಕಳಿಗೆ ಊರಿನ ಚರಿತ್ರೆ ಪಾಠ ಹೇಳಿದವಳು ನಾನು. ಪ್ರತಿ ಮೇ ತಿಂಗಳು ಅವರನ್ನು ಸಾಲಾಗಿ ಆ ಕಲ್ಲಿನ ಮುಂದೆ ನಿಲ್ಲಿಸಿ, ಹಗ್ಗ ಹರಿದು, ಗಣಿಗೆ ಜನರನ್ನು ಇಳಿಸುವ ಕೇಜ್ ತಳಕ್ಕೆ ಬಿದ್ದು ಹನ್ನೆರಡು ಜನ ಒಟ್ಟಿಗೆ ಸತ್ತರು, ಅವರಲ್ಲಿ ಒಬ್ಬರು ನಮ್ಮ ಅಜ್ಜ ಎಂದು ಹೇಳುತ್ತಿದ್ದೆನಲ್ಲ.

ನಿನಗೆ ನೆನಪಿರಬೇಕು. ಒಂದು ಬೇಸಿಗೆಯಲ್ಲಿ ಅಮ್ಮನ ಜೊತೆ ಆ ಫಾರಂಗೆ ಬಂಡಿಯಲ್ಲಿ ಹೋಗಿದ್ದೆವು. ನನಗೆ ನಾಲ್ಕೋ ಐದೋ ವರ್ಷ, ನಿನಗೆ ಒಂಬತ್ತು. ಮುದುಕ ತರಕಾರಿ ಮಡಿಯಲ್ಲಿ ಮಂಡಿಯೂರಿದ್ದ. ನಿನಗೊಂದು ಟರ್ನಿಪ್ ಕಿತ್ತು, ಚಾಕುವಿನಿಂದ ಸಿಪ್ಪೆ ತೆಗೆದು ಕೊಟ್ಟ. ನನಗೂ ಕೊಡಲು ಬಂದಾಗ ಆ ಕೈ ನೋಡಿ ನಾನು ಕಿರುಚಿದೆ. ಅವನು ತಟ್ಟನೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಆಮೇಲೆ ನಾವು ಹೊರಡುವವರೆಗೂ ಅದನ್ನು ಮುಂದೆ ತರಲೇ ಇಲ್ಲ. ಈ ಎರಡು ದಿನದಿಂದ ನಾನು ಏನು ಮಾಡುತ್ತಿದ್ದರೂ ಅದೇ ಕಣ್ಣ ಮುಂದೆ ಬರುತ್ತಿದೆ.

ಯಾರನ್ನು ಕೇಳಲಿ? ಆ ಕಾಲ ಕಂಡವರಲ್ಲಿ ಉಳಿದಿರುವುದು ಊರಿಗೆಲ್ಲ ದೊಡ್ಡಮ್ಮನಾದ ಐನೋ ಒಬ್ಬಳೇ. ಅವಳ ಅಪ್ಪ ಹೈಕ್ಕಿ ಲೆಹ್ಟೊ ಆ ಕೇಜಿನಲ್ಲೇ ಸತ್ತವನು. ಅವಳಿಗಾಗ ಎಂಟು ವರ್ಷ, ಈಗ ಎಂಬತ್ತೇಳು. ನಿನ್ನೆ ಬೆಳಿಗ್ಗೆ ಹೋದಾಗ ರೈ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ನಾನು ನಕಲು ಮಾಡಿಕೊಂಡಿದ್ದ ಚೀಟಿಯನ್ನು ಓದಿದೆ. ಅವಳು ನಾದುವುದನ್ನು ನಿಲ್ಲಿಸಲಿಲ್ಲ.

“ಕೊನೆಗೂ ಓದೋಕೆ ಬಂತಾ ನಿಂಗೆ, ಮೇಷ್ಟ್ರಮ್ಮ?” ಎಂದಳು.

“ನಿಮಗೆ ಗೊತ್ತಿತ್ತಾ?” ಎಂದೆ.

“ಗೊತ್ತಿರದೆ ಏನು? ಆವತ್ತು ನಿಮ್ಮಜ್ಜಿ ಅಡುಗೆಮನೆಯಲ್ಲಿ ನಮ್ಮಮ್ಮನ ಲಂಗ ಹಿಡ್ಕೊಂಡು ನಿಂತಿದ್ದೋಳು ನಾನೇ. ಕೂತ್ಕೋ. ಬಿದ್ದುಗಿದ್ದೀಯ.”

ಅವಳು ಹೇಳಿದ್ದು ಇದು. ಅಜ್ಜ ಕೇಜಿನಲ್ಲಿ ಇರಲೇ ಇಲ್ಲ. ಮೇಲೆ ಇಂಜಿನ್ ಮನೆಯಲ್ಲಿದ್ದ. ಜನರನ್ನು ಇಳಿಸುವ ಏರಿಸುವ ಸನ್ನೆಕೋಲು ಅವನ ಕೈಯಲ್ಲಿತ್ತು. ಬದಲಿ ಆಳು ಬಂದಿರಲಿಲ್ಲ, ಒಂದು ಪಾಳಿ ಮುಗಿಸಿದವನನ್ನೇ ಇನ್ನೊಂದಕ್ಕೆ ನಿಲ್ಲಿಸಿದರು. ಆಮೇಲೆ ಮತ್ತೊಂದಕ್ಕೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಹನ್ನೊಂದು ಜನರನ್ನು ಇಳಿಸುವಾಗ ಅವನಿಗೆ ನಿದ್ದೆ ಹತ್ತಿತು. ಕೇಜ್ ನೇರ ತಳದ ನೀರಿಗೆ ಹೋಯಿತು.

“ಹಗ್ಗ?” ಎಂದೆ.

“ಹಗ್ಗ ಗಟ್ಟಿಯಾಗೇ ಇತ್ತು. ಅದ್ರಲ್ಲೇ ತಾನೆ ಗಂಡಸರು ಅವನನ್ನ ನೇಣಿಗೆ ಹಾಕ್ತೀವಿ ಅಂತ ಹೊರಟಿದ್ದು.”

ಅಜ್ಜ ಓಡಿಹೋಗಲಿಲ್ಲವಂತೆ. ಮನೆಗೆ ಬಂದು ಅಜ್ಜಿಯ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತನಂತೆ. ಆ ಮಧ್ಯಾಹ್ನ ಆಗತಾನೆ ಗಂಡಂದಿರನ್ನು ಕಳೆದುಕೊಂಡ ಹೆಂಗಸರು ಒಬ್ಬೊಬ್ಬರಾಗಿ ಅಲ್ಲಿಗೆ ಬಂದರು. ಐನೋಳ ತಾಯಿ ಹಿಲ್ಯಾಳ ಗಂಡನ ಹೆಣ ಇನ್ನೂ ಸಿಕ್ಕಿರಲಿಲ್ಲ. ಅವಳೇ ಮೊದಲು ಬಾಯಿಬಿಟ್ಟದ್ದು.

“ನಮ್ಮಮ್ಮ ಅಂದ್ಲು, ‘ಲವ್‌ಡೇ, ನಿನ್ನ ಗಂಡ ಇವತ್ತು ಸತ್ತ. ನಮ್ಮೋರ ಜೊತೇಲೇ ಸತ್ತ. ಇಲ್ಲಿ ನಿಂತಿರೋನು ಯಾರೋ ನನಗೆ ಗೊತ್ತಿಲ್ಲ. ಅವನು ಈ ಊರಲ್ಲಿ ಕಾಲಿಡಕೂಡದು. ನಿನ್ನ ಮಕ್ಕಳು ನಮ್ಮ ಮಕ್ಕಳ ಜೊತೆ ಆಡ್ಲಿ, ಅವ್ರಿಗೂ ಅಪ್ಪ ಸತ್ತಿದಾನೆ.’ ಉಳಿದೋರು ಹೂಂ ಅಂದ್ರು. ಒಬ್ಬಳು ಅನ್ನಲಿಲ್ಲ. ಆಮೇಲೆ ಅವಳೂ ಅಂದ್ಲು.”

ಕಂಪನಿಯವರು ಯಾಕೆ ಸುಮ್ಮನಿದ್ದರು ಎಂದು ಕೇಳಿದೆ.

“ಒಬ್ಬನ ಕೈಲೇ ಮೂರು ಪಾಳಿ ಮಾಡ್ಸಿದ್ದು ಹೊರಗೆ ಬೀಳಲ್ವಾ? ಅವ್ರಿಗೂ ಸತ್ತೋನೇ ಬೇಕಾಗಿದ್ದ. ಬದುಕಿರೋನು ಬಾಯಿಬಿಡ್ತಾನೆ.”

ಗಂಡಸರನ್ನು ಹೇಗೆ ಒಪ್ಪಿಸಿದರೆಂದು ಕೇಳಿದ್ದಕ್ಕೆ, “ಊಟ ಹಾಕೋರು ಯಾರು?” ಎಂದಳು. ಅಷ್ಟೇ ಅವಳ ಉತ್ತರ. ಕಾರ್ನ್‌ವಾಲಿನವರೋ ಫಿನ್‌ಲೆಂಡಿನವರೋ, ಒಂಟಿ ಗಂಡಸರೆಲ್ಲ ಉಣ್ಣುತ್ತಿದ್ದದ್ದು ಈ ಹೆಂಗಸರ ಮನೆಗಳಲ್ಲೇ.

ನನಗೆ ಸಿಟ್ಟು ಬಂತು ಅಕ್ಕ. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನಿಮ್ಮಮ್ಮ ಅವನನ್ನು ಕ್ಷಮಿಸಿದರಾ ಎಂದು ಕೇಳಿಬಿಟ್ಟೆ. ದೊಡ್ಡಮ್ಮ ಹಿಟ್ಟಿನ ಕೈ ಒರೆಸಿಕೊಂಡು ಮೊದಲ ಸಲ ನನ್ನ ಮುಖ ನೋಡಿದಳು.

“ಕ್ಷಮೆಗಿಮೆ ಪಾದ್ರಿಗಳ ಮಾತು. ಅಮ್ಮ ಸಾಯೋವರೆಗೂ ಅವನ ಹೆಸರು ಎತ್ತಲಿಲ್ಲ. ಆದ್ರೆ ಇಪ್ಪತ್ತು ವರ್ಷ ನಿಮ್ಮಜ್ಜಿ ಮನೇಲಿ ಬಟ್ಟೆ ಒಗೆದ್ಲು, ಅವಳ ಮೇಜಲ್ಲೇ ಉಂಡ್ಲು. ನಿಮ್ಮಜ್ಜಿ ಹೆಣಕ್ಕೆ ನೀರು ಹಾಕಿದ್ದೂ ಅವಳೇ. ಇದಕ್ಕೆ ಏನಂತಾರೋ ನೀನೇ ಓದಿದೋಳು, ಹೇಳು.”

ಫಲಕದಿಂದ ಅಜ್ಜನ ಹೆಸರು ತೆಗೆಸಬೇಕೇ ಎಂದು ಕೇಳಿದೆ. ಆಗ ಮಾತ್ರ ಅವಳು ಗದರಿದಳು.

“ಹೆಸರು ಬರೆಸಿದ್ದು ನಮ್ಮಮ್ಮಂದಿರು. ಅಳಿಸೋಕೆ ನೀನ್ಯಾರು? ಆದ್ರೆ ಆ ಹಗ್ಗದ ಮಾತು ಬೇಡ. ಎಪ್ಪತ್ತೊಂಬತ್ತು ವರ್ಷ ಕೇಳಿದೀನಿ, ಸಾಕಾಗಿದೆ.”

ಇನ್ನು ನಾನು ಒಪ್ಪಿಕೊಳ್ಳಬೇಕಾದದ್ದೊಂದಿದೆ. ನಿನ್ನನ್ನು ಕೇಳದೆ ಫಲಕದ ಎರಕ ಹೊಯ್ಯುವವರಿಗೆ ಫೋನ್ ಮಾಡಿದೆ. ‘ಹಗ್ಗ ಹರಿದು ಒಟ್ಟಿಗೆ ಮಡಿದ ಹನ್ನೆರಡು ಜನ’ ಎಂಬ ನಿನ್ನ ಸಾಲನ್ನು ತೆಗೆಸಿ, ‘೧೮೯೨ ಆಗಸ್ಟ್ ೨೭ರಂದು ಈ ಊರು ಕಳೆದುಕೊಂಡ ಹನ್ನೆರಡು ಜನ’ ಎಂದು ಹಾಕಿಸಿದೆ. ಅದರಲ್ಲಿ ಸುಳ್ಳಿಲ್ಲ. ಅಜ್ಜನ ಹೆಸರಿನ ಮುಂದೆ ಹುಟ್ಟಿದ ತಾರೀಖು ಮಾತ್ರ ಇರುತ್ತದೆ. ಹೊಂದಿಕೊಳ್ಳಲೆಂದು ಉಳಿದವರಿಗೂ ಅಷ್ಟೇ. ನಿನಗೆ ಕೋಪ ಬರುತ್ತದೆಂದು ಗೊತ್ತು. ಬೈಯುವುದಿದ್ದರೆ ಬಂದು ಬೈ. ಆದರೆ ಬಾ. ಹದಿಮೂರನೆಯ ತಾರೀಖು ಹೆಸರುಗಳನ್ನು ಓದಬೇಕಾದವಳು ನೀನು. ನನ್ನಿಂದ ಆಗುವುದಿಲ್ಲ.

ಒಂದೇ ಸಮಾಧಾನ. ನಮ್ಮಮ್ಮನಿಗೆ ಇದು ತಿಳಿಯಲಿಲ್ಲ. ಅಪಘಾತವಾದಾಗ ಅವಳು ಮೂರು ವರ್ಷದ ಕೂಸು. ತನ್ನ ಅಪ್ಪನನ್ನೇ ಮಾವ ಎಂದು ಕರೆಯುತ್ತ ಬನ್ನು ತಿನ್ನಿಸಿದಳಲ್ಲ, ಪಾಪ, ಎಂದು ನಿನ್ನೆಯೆಲ್ಲ ಅತ್ತೆ. ತಿಳಿಯದೆ ಹೋದದ್ದೇ ಒಳ್ಳೆಯದಾಯಿತು.

ನಿನ್ನ ದಾರಿ ಕಾಯುತ್ತಿರುವ ತಂಗಿ,
ಹ್ಯಾರಿಯೆಟ್

ತಾ.ಕ. ಶನಿವಾರ. ಕಾಗದ ಅಂಚೆಗೆ ಹಾಕಬೇಕೆನ್ನುವಷ್ಟರಲ್ಲಿ ವಿಲ್ಮಾಳ ಲಕೋಟೆ ಬಂತು. ಫಾರಂನಲ್ಲಿ ಸತ್ತವರ ಪುಸ್ತಕ ಬೇರೆ ಇದೆಯಂತೆ, ಅದರಲ್ಲಿ ಆಂಗೋವ್ ಮಾವನ ಪುಟ ಸಿಕ್ಕಿತೆಂದು ಪ್ರತಿ ತೆಗೆದು ಕಳಿಸಿದ್ದಾಳೆ. ಸತ್ತದ್ದು ೧೯೧೯ ನವೆಂಬರ್ ೨. ಹೆಣ ಪಡೆದವರು ಬೆಸ್ಸಿ, ಮ್ಯಾಗ್‌ಪೈ ಕ್ರೀಕ್. ಸಹಿ ಅಮ್ಮನದೇ, ಆ ಉದ್ದ ಬಾಲದ ‘ಎಸ್’ ಅಕ್ಷರಗಳು. ಸಂಬಂಧ ಎಂಬಲ್ಲಿ ಅಲ್ಲಿಯ ಗುಮಾಸ್ತ ತನ್ನ ಅಕ್ಷರದಲ್ಲಿ ‘ತಂಗಿಯ ಮಗಳು’ ಎಂದು ಬರೆದಿದ್ದಾನೆ. ಅದರಲ್ಲಿ ‘ತಂಗಿಯ’ ಎಂಬುದನ್ನು ಯಾರೋ ಪೆನ್ನಿನಿಂದ ಹೊಡೆದುಹಾಕಿದ್ದಾರೆ. ಹೊಡೆದ ಗೆರೆಯ ಪಕ್ಕದಲ್ಲಿ ಅಮ್ಮ ಇನ್ನೊಮ್ಮೆ ಸಹಿ ಮಾಡಿದ್ದಾಳೆ.